ಕೆಳಗೆ ಯಾರ ಹೆಸರು ಬರೀಲಿ? ‘ಭೂಮಿ ಮಕ್ಕಳಿಂದ ಪಡೆದ ಸಾಲ’ ಎಂಬ ಮಾತಿನ ಜಾಡು ಹಿಡಿದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತು ಕೇಳ್ತಿರೋರಿಗೆ, ಅಡುಗೆಮನೆಯಲ್ಲಿ ಫೋನನ್ನ ಡಬ್ಬಿಗೆ ಒರಗಿಸಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ಕಥೆ ಶುರುವಾಗಿದ್ದು ಒಂದು ಚಾರ್ಟ್ ಪೇಪರ್‌ನಿಂದ. ನನ್ನ ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಜೂನ್ 5, ವಿಶ್ವ ಪರಿಸರ ದಿನಕ್ಕೆ ಅವಳ ಶಾಲೆಯಲ್ಲಿ ಪೋಸ್ಟರ್ ಸ್ಪರ್ಧೆ. ನಡುವೆ ಒಂದು ಮರ, ಮರದ ಬೇರುಗಳೆಲ್ಲ ಒಂದು ಪುಟ್ಟ ಮಗುವಿನ ಕೈಯಲ್ಲಿ. ಚೆನ್ನಾಗೇ ಬಿಡಿಸಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಭೂಮಿ ನಮಗೆ ಪೂರ್ವಜರಿಂದ ಬಂದ ಆಸ್ತಿಯಲ್ಲ, ಮಕ್ಕಳಿಂದ ಪಡೆದ ಸಾಲ.’ ಈ ಮಾತು ನಿಮಗೂ ಗೊತ್ತಿರುತ್ತೆ. ಶಾಲೆ ಗೋಡೆ ಮೇಲೆ ನೋಡಿರ್ತೀರಿ, ಯಾರದೋ ಸ್ಟೇಟಸ್‌ನಲ್ಲಿ ನೋಡಿರ್ತೀರಿ, ವನಮಹೋತ್ಸವದ ಭಾಷಣದಲ್ಲಂತೂ ಕೇಳೇ ಇರ್ತೀರಿ.

ಅವಳು ಸ್ಕೆಚ್ ಪೆನ್ ಕೈಯಲ್ಲಿ ಹಿಡ್ಕೊಂಡು ಕೇಳಿದಳು, “ಮಾಮ, ಕೆಳಗೆ ಯಾರ ಹೆಸರು ಬರೀಲಿ?”

ಅದಕ್ಕೇನಂತೆ, ಫೋನ್ ತೆಗೆದು ನೋಡಿದರಾಯ್ತು ಅಂದುಕೊಂಡೆ. ಮೊದಲ ಚಿತ್ರ: ತಲೆಗೆ ಗರಿಗಳ ಕಿರೀಟ ಇಟ್ಟುಕೊಂಡ ಒಬ್ಬ ಅಜ್ಜ, ಹಿಂದೆ ಸೂರ್ಯಾಸ್ತ, ಕೆಳಗೆ ‘ಅಮೆರಿಕದ ಮೂಲನಿವಾಸಿಗಳ ಗಾದೆ’. ಎರಡನೇದು: ಅಂಥದೇ ಅಜ್ಜ, ಆದರೆ ಹೆಸರು ‘ಚೀಫ್ ಸಿಯಾಟಲ್’. ಮೂರನೇದರಲ್ಲಿ ‘ಕೀನ್ಯಾ ದೇಶದ ಗಾದೆ’. ನಾಲ್ಕನೇದು ಫ್ರೆಂಚ್ ಲೇಖಕ ಸೇಂಟ್ ಎಕ್ಸುಪೆರಿ ಹೆಸರಲ್ಲಿ, ಅದೇ ‘ಪುಟ್ಟ ರಾಜಕುಮಾರ’ ಬರೆದವರು. ಐದನೇದರಲ್ಲಿ ಯಾರ ಹೆಸರೂ ಇಲ್ಲ, ಒಂದು ಗುಲಾಬಿ ಹೂ ಮತ್ತು ‘ಶುಭ ಮುಂಜಾನೆ’.

ಒಂದೇ ಮಾತಿಗೆ ಇಷ್ಟು ಜನ ಅಪ್ಪಂದಿರು. ಆವತ್ತು ಸಂಜೆ ಹುಡುಕೋಕೆ ಕೂತವನು ಸುಮಾರು ದಿನ ಅದರಲ್ಲೇ ಮುಳುಗಿಬಿಟ್ಟೆ. ಅದನ್ನೇ ಇವತ್ತು ನಿಮಗೆ ಹೇಳ್ತೀನಿ.

ಹೆಸರು ಸಿಕ್ಕಿತು. ಇಂಥ ಮಾತುಗಳ ಮೂಲ ಹುಡುಕೋದನ್ನೇ ಕೆಲಸ ಮಾಡಿಕೊಂಡಿರೋ ಜನ ಇದ್ದಾರೆ. ಹಳೇ ಪತ್ರಿಕೆ, ಹಳೇ ಪುಸ್ತಕ, ಸರ್ಕಾರಿ ಕಡತ ಎಲ್ಲ ಜಾಲಾಡ್ತಾರೆ. ಅವರಿಗೆ ಅಚ್ಚಿನಲ್ಲಿ ಸಿಕ್ಕಿರೋ ಅತಿ ಹಳೇ ರೂಪ ಇರೋದು 1971ರ ಒಂದು ಪುಸ್ತಕದಲ್ಲಿ. ಬರೆದವರು ವೆಂಡೆಲ್ ಬೆರಿ. ಗರಿ ಕಿರೀಟ ಇಲ್ಲ, ಸೂರ್ಯಾಸ್ತ ಇಲ್ಲ. ಅಮೆರಿಕದ ಕೆಂಟಕಿ ರಾಜ್ಯದ ಒಬ್ಬ ರೈತ, ಕವಿ, ಪ್ರಬಂಧಕಾರ. 1934ರಲ್ಲಿ ಹುಟ್ಟಿದವರು. ಕುದುರೆ ಕಟ್ಟಿ ಹೊಲ ಉಳುವ ಮನುಷ್ಯ. ಇದೇ ಬೆರಿ 1987ರಲ್ಲಿ ‘ನಾನು ಯಾಕೆ ಕಂಪ್ಯೂಟರ್ ಕೊಳ್ಳೋದಿಲ್ಲ’ ಅಂತ ಒಂದು ಪ್ರಬಂಧ ಬರೆದರು. ಅಂಥವರ ಮಾತು ಇವತ್ತು ಅತಿ ಹೆಚ್ಚು ಓಡಾಡ್ತಿರೋದು ನಮ್ಮ ನಿಮ್ಮ ಫೋನುಗಳಲ್ಲಿ, ನೋಡಿ.

ಆ ಪುಸ್ತಕ ಯಾಕೆ ಹುಟ್ಟಿತು ಅನ್ನೋದು ನನಗೆ ಹೆಸರಿಗಿಂತ ಮುಖ್ಯ ಅನ್ನಿಸಿತು. ಕೆಂಟಕಿಯ ಪೂರ್ವ ಭಾಗದಲ್ಲಿ ರೆಡ್ ರಿವರ್ ಅಂತ ಒಂದು ನದಿ. ಅದು ಮರಳುಗಲ್ಲನ್ನ ಕೊರೆದು ಕೊರೆದು ಒಂದು ಕಣಿವೆ ಮಾಡಿದೆ. ಕಲ್ಲಿನ ಕಮಾನುಗಳೇ ನೂರಕ್ಕಿಂತ ಹೆಚ್ಚಿವೆ ಅಲ್ಲಿ. ಇವತ್ತು ಬಂಡೆ ಹತ್ತೋ ಹವ್ಯಾಸ ಇರೋರು ದೇಶ ವಿದೇಶದಿಂದ ಹೋಗ್ತಾರೆ. 1962ರಲ್ಲಿ ಆ ನದಿಗೆ ಅಣೆಕಟ್ಟು ಕಟ್ಟೋ ಯೋಜನೆಗೆ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿತ್ತು. ಕಾರಣ ನಾವು ಕೇಳಿರೋದೇ: ಪ್ರವಾಹ ತಡೆಯಬೇಕು, ಪಟ್ಟಣಗಳಿಗೆ ನೀರು ಬೇಕು. ಕಟ್ಟೋರು ಸೇನೆಯ ಎಂಜಿನಿಯರಿಂಗ್ ವಿಭಾಗದವರು. ಕಣಿವೆ ಮುಳುಗುತ್ತೆ, ಅದರ ಜೊತೆ ಹೊಲ ಮನೆಗಳೂ.

ಜನ ಬೇಡ ಅಂದರು. 1967ರ ನವೆಂಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರೇ ಬಂದು ಆ ಕಣಿವೆಯಲ್ಲಿ ಪ್ರತಿಭಟನೆಯ ನಡಿಗೆ ಮಾಡಿದರು. ಹಾಲಿ ನ್ಯಾಯಮೂರ್ತಿ, ಬೂಟು ಕಟ್ಟಿಕೊಂಡು, ಕಾಡಿನ ದಾರಿಯಲ್ಲಿ. ಆ ಜಗಳದ ನಡುವೆಯೇ ಬೆರಿ ಕಣಿವೆಯಲ್ಲಿ ಓಡಾಡಿ ಒಂದು ಪುಸ್ತಕ ಬರೆದರು. ಜೊತೆಗೆ ಬಂದು ಕಪ್ಪು ಬಿಳುಪು ಚಿತ್ರ ತೆಗೆದವರು ಜೀನ್ ಮೀಟ್‌ಯಾರ್ಡ್. ಅವರ ಹೊಟ್ಟೆಪಾಡು ಕನ್ನಡಕದ ಅಂಗಡಿ, ಪ್ರೀತಿ ಕ್ಯಾಮೆರಾ. ಪುಸ್ತಕದ ಹೆಸರು ‘ದಿ ಅನ್‌ಫೋರ್‌ಸೀನ್ ವೈಲ್ಡರ್‌ನೆಸ್’. ಅದರದೇ ಒಂದು ಭಾಗ ಅದೇ ವರ್ಷ ಆಡುಬಾನ್ ಪತ್ರಿಕೆಯಲ್ಲೂ ಬಂತು.

ಅದರಲ್ಲಿ ಈ ಮಾತು ಘೋಷಣೆಯಾಗಿ ಬರೋದಿಲ್ಲ. ಒಂದು ಉದ್ದ ವಾಕ್ಯದ ಹೊಟ್ಟೆಯಲ್ಲಿ ಇದೆ. ಅವರು ಹೇಳ್ತಿರೋದು ಒಂದು ಬಗೆಯ ಮನುಷ್ಯನ ಬಗ್ಗೆ: ಈ ಲೋಕ ಅಪ್ಪಂದಿರು ಕೊಟ್ಟಿದ್ದಲ್ಲ, ಮಕ್ಕಳ ಹತ್ತಿರ ಕಡ ತಂದಿದ್ದು ಅಂತ ತಿಳಿದು ಬಾಳೋನು. ಅವನು ಲೋಕವನ್ನ ಹಾಳು ಮಾಡದೆ ಇರೋದು ಕರ್ತವ್ಯ ಅಂತಲ್ಲ; ಲೋಕದ ಮೇಲೆ, ತನ್ನ ಮಕ್ಕಳ ಮೇಲೆ ಇರೋ ಪ್ರೀತಿಯಿಂದ. ಹೀಗೆ ಸಾಗುತ್ತೆ. ಇನ್ನೂ ಒಂದು ವಿಷಯ ಗಮನಿಸಿ. ಅದಕ್ಕೆ ಸ್ವಲ್ಪ ಮೊದಲು ಬೆರಿ ಹೇಳ್ತಾರೆ, ಇಂಥ ಬಾಳನ್ನ ನಮ್ಮವರಲ್ಲೇ ಇರೋ ಕೆಲವು ಅಪರೂಪದ ಜನರಿಂದ ಕಲಿಯಬಹುದು, ನಮ್ಮಷ್ಟು ಹಾಳುಗೆಡವದ ಬೇರೆ ಸಂಸ್ಕೃತಿಗಳಿಂದಲೂ ಕಲಿಯಬಹುದು ಅಂತ. ಗರಿ ಕಿರೀಟದ ಬೀಜ ಅಲ್ಲೇ ಬಿದ್ದಿರಬೇಕು ಅಂತ ನನ್ನ ಊಹೆ. ಬೇರೆ ಸಂಸ್ಕೃತಿಯಿಂದ ಕಲಿಯೋಣ ಅಂತ ಹೇಳಿದವನ ಮಾತು ಕೊನೆಗೆ ಆ ಬೇರೆ ಸಂಸ್ಕೃತಿಯದೇ ಆಗಿಹೋಯ್ತು.

ಈ ಕಥೆಯನ್ನ ಅಕ್ಕನ ಮಗಳಿಗೆ ಹೇಳಿದಾಗ ಅವಳು ಬೆರಿ ಬಗ್ಗೆ ಏನೂ ಕೇಳಲಿಲ್ಲ. “ಡ್ಯಾಮ್ ಕಟ್ಟಿದ್ರಾ ಮಾಮ?” ಅಂದಳು. ಇಲ್ಲ, ಕಟ್ಟಲಿಲ್ಲ. 1975ರಲ್ಲಿ ಕೆಂಟಕಿಯ ಗವರ್ನರ್ ಬೆಂಬಲ ವಾಪಸ್ ತಗೊಂಡರು, ಯೋಜನೆ ನಿಂತುಹೋಯ್ತು. 1993ರಲ್ಲಿ ಆ ನದಿಯ ಒಂದು ಭಾಗಕ್ಕೆ ಕಾನೂನಿನ ರಕ್ಷಣೆಯೂ ಸಿಕ್ಕಿತು.

ಈಗ ಮುಂದಿನ ನಿಲ್ದಾಣ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. 1974ರ ನವೆಂಬರ್, ಪ್ಯಾರಿಸ್. ಒಇಸಿಡಿ ಅಂತ ಒಂದು ಸಂಘಟನೆ ಇದೆ, ಸುಲಭವಾಗಿ ಹೇಳೋದಾದರೆ ಶ್ರೀಮಂತ ದೇಶಗಳ ಕ್ಲಬ್ಬು. ಭಾರತ ಆಗಲೂ ಅದರ ಸದಸ್ಯ ಅಲ್ಲ, ಈಗಲೂ ಅಲ್ಲ. ಆ ದೇಶಗಳ ಪರಿಸರ ಮಂತ್ರಿಗಳ ಸಭೆ. ಆಸ್ಟ್ರೇಲಿಯಾದಿಂದ ಬಂದಿದ್ದವರು ಮಾಸ್ ಕ್ಯಾಸ್, ಮೂಲತಃ ವೈದ್ಯರು, ಆಗ ವಿಟ್ಲಮ್ ಸರ್ಕಾರದಲ್ಲಿ ಪರಿಸರ ಮಂತ್ರಿ. ಹಿಂದಿನ ವರ್ಷವಷ್ಟೇ ತೈಲ ಬಿಕ್ಕಟ್ಟು ಬಂದು ಈ ದೇಶಗಳೆಲ್ಲ ಪೆಟ್ರೋಲಿಗೆ ಸಾಲು ನಿಂತಿದ್ದವು.

ಕ್ಯಾಸ್ ಎದ್ದು ನಿಂತು ಹೇಳಿದ್ದರ ತಾತ್ಪರ್ಯ ಇಷ್ಟು: ನಾವು ಶ್ರೀಮಂತ ದೇಶಗಳು, ಅದನ್ನ ಒಪ್ಪಿಕೊಳ್ಳೋಣ. ನಮ್ಮ ಹೊಣೆ ಬಡ ದೇಶಗಳ ಕಡೆಗೆ ಮಾತ್ರ ಅಲ್ಲ, ಬಡವರು ಶ್ರೀಮಂತರು ಅನ್ನದೆ ಜಗತ್ತಿನ ಎಲ್ಲ ಮೊಮ್ಮಕ್ಕಳ ಕಡೆಗೂ ಇದೆ. ಈ ಭೂಮಿ ನಮಗೆ ಇಷ್ಟ ಬಂದಂಗೆ ಮಾಡೋಕೆ ಅಪ್ಪ ಅಮ್ಮನಿಂದ ಬಂದ ಆಸ್ತಿ ಅಲ್ಲ. ಮಕ್ಕಳಿಂದ ಸಾಲ ತಂದಿದ್ದು, ಹುಷಾರಾಗಿ ಬಳಸಬೇಕು.

ಗಮನಿಸಿದಿರಾ? ನಮ್ಮ ಪೋಸ್ಟರಿನ ಸಾಲು ಇಲ್ಲಿ ಹೆಚ್ಚುಕಡಿಮೆ ಪೂರ್ತಿ ರೂಪದಲ್ಲಿ ಇದೆ. ಆದರೆ ಅದರ ಮುಂದೆ ಇನ್ನೊಂದು ಮಾತಿದೆ, ಅದು ಪೋಸ್ಟರಿಗೆ ಬರಲೇ ಇಲ್ಲ. ‘ನಾವು ಶ್ರೀಮಂತ ದೇಶಗಳು’ ಅನ್ನೋ ಮಾತು. ಬೆರಿ ಹತ್ತಿರ ಅದು ಒಬ್ಬ ಮನುಷ್ಯ ತನ್ನ ಕಣಿವೆ ಜೊತೆ ಹೇಗೆ ಬಾಳಬೇಕು ಅನ್ನೋ ಮಾತಾಗಿತ್ತು. ಕ್ಯಾಸ್ ಬಾಯಲ್ಲಿ ಅದು ಹೆಚ್ಚು ತಿಂದೋರು ತಮ್ಮ ತಟ್ಟೆ ತಾವೇ ನೋಡಿಕೊಳ್ಳೋ ಮಾತಾಯ್ತು. ಅದೂ ಎಲ್ಲಿ? ಹೆಚ್ಚು ತಿಂದೋರ ಸಭೆಯಲ್ಲೇ, ಅವರ ಮುಖಕ್ಕೇ.

1980ರಲ್ಲಿ ‘ವಿಶ್ವ ಸಂರಕ್ಷಣಾ ಕಾರ್ಯತಂತ್ರ’ ಅಂತ ಒಂದು ದೊಡ್ಡ ವರದಿ ಬಂತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ಐಯುಸಿಎನ್, ಡಬ್ಲ್ಯುಡಬ್ಲ್ಯುಎಫ್ ಸೇರಿ ತಂದ ವರದಿ. ಅದರಲ್ಲಿ ಈ ಮಾತು ಇದೆ, ಹೇಳಿದವರ ಹೆಸರಿಲ್ಲ. ಅಲ್ಲಿಗೆ ‘ನಾವು’ ಅಂದರೆ ಇಡೀ ಮನುಕುಲ. ಆಮೇಲೆ ಅಮೆರಿಕದ ಪರಿಸರ ಚಿಂತಕ ಲೆಸ್ಟರ್ ಬ್ರೌನ್ ಹೆಸರಲ್ಲಿ ಕೆಲವು ಕಾಲ ಓಡಾಡಿತು. ‘ಫ್ರೆಂಡ್ಸ್ ಆಫ್ ದಿ ಅರ್ಥ್’ ಸ್ಥಾಪಿಸಿದ ಡೇವಿಡ್ ಬ್ರೋವರ್ ಹೆಸರಲ್ಲೂ ಓಡಾಡಿತು. ಬ್ರೋವರ್ ಕಥೆ ಮಜವಾಗಿದೆ. ನಾನಿದನ್ನ ಯಾವಾಗ ಹೇಳಿದೆ ಅಂತ ಅವರಿಗೇ ನೆನಪಿರಲಿಲ್ಲ. ಹಳೇ ಕಡತ ಹುಡುಕಿದಾಗ ಗೊತ್ತಾಯ್ತು, ಒಂದು ಗದ್ದಲದ ಬಾರಿನಲ್ಲಿ, ಮೂರನೇ ಗ್ಲಾಸು ನಡೀತಿದ್ದಾಗ ಕೊಟ್ಟ ಸಂದರ್ಶನದಲ್ಲಿ ಹೇಳಿದ್ದು ಅಂತ. ಇದನ್ನ ಅವರೇ 1995ರ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಜೊತೆಗೆ, ಈ ಮಾತು ತೀರಾ ಮೆದುವಾಯ್ತು, ನಾವು ಮಕ್ಕಳ ಹತ್ತಿರ ಸಾಲ ತಗೊಳ್ತಿಲ್ಲ, ಕದೀತಿದ್ದೀವಿ ಅಂತ ತಿದ್ದುಪಡಿಯನ್ನೂ ಹಾಕಿದರು.

ಇಷ್ಟೆಲ್ಲ ಅಚ್ಚಿನ ದಾಖಲೆ ಇದ್ದರೂ, ಜನರಿಗೆ ಬೇಕಾಗಿದ್ದು ಗರಿ ಕಿರೀಟದ ಅಜ್ಜನೇ. ಯಾಕೆ? ನಮಗೆ ಇದು ಅರ್ಥವಾಗದ ವಿಷಯ ಏನಲ್ಲ. ಸರ್ವಜ್ಞನ ಹೆಸರಲ್ಲಿ ಎಷ್ಟು ತ್ರಿಪದಿ ಇವೆ, ಅದರಲ್ಲಿ ಎಷ್ಟು ಅವನವು? ಯಾರೋ ಒಂದು ಒಳ್ಳೇ ಮೂರು ಸಾಲು ಕಟ್ಟಿ, ಕೊನೆಗೆ ‘ಸರ್ವಜ್ಞ’ ಅಂತ ಸೇರಿಸಿದರೆ ಊರು ಒಪ್ಪಿಬಿಡ್ತಿತ್ತು. ವಿದ್ವಾಂಸರು ಇವತ್ತಿಗೂ ಅದನ್ನ ಬೇರ್ಪಡಿಸ್ತಾ ಕೂತಿದ್ದಾರೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ನಂಬಿರೋ ಜನ ನಾವು. ‘ಗಾದೆ’ ಅಂತ ಚೀಟಿ ಅಂಟಿಸಿದರೆ ಮುಗೀತು, ಯಾರು ಹೇಳಿದ್ದು ಅಂತ ಯಾರೂ ಕೇಳೋದಿಲ್ಲ.

ಆದರೆ ಚೀಫ್ ಸಿಯಾಟಲ್ ವಿಷಯದಲ್ಲಿ ಇದು ಬರೀ ತಮಾಷೆ ಅಲ್ಲ. ಸಿಯಾಟಲ್ ನಿಜವಾದ ಮನುಷ್ಯ. ಡುವಾಮಿಶ್ ಮತ್ತು ಸುಕ್ವಾಮಿಶ್ ಜನರ ನಾಯಕ. ಇವತ್ತಿನ ಸಿಯಾಟಲ್ ನಗರಕ್ಕೆ ಅವರದೇ ಹೆಸರು. ಮೈಕ್ರೋಸಾಫ್ಟು, ಅಮೆಜಾನು ಅಂತ ಅಲ್ಲಿರೋ ನಮ್ಮ ಕನ್ನಡದವರೇ ಎಷ್ಟೋ ಜನ ದಿನಾ ಆ ಹೆಸರು ಹೇಳ್ತಾರೆ. 1854ರಲ್ಲಿ ಅವರು ತಮ್ಮ ಭಾಷೆಯಲ್ಲಿ ಒಂದು ಭಾಷಣ ಮಾಡಿದರು ಅಂತ ಹೇಳಲಾಗುತ್ತೆ. ಅದು ಪತ್ರಿಕೆಯಲ್ಲಿ ಬಂದಿದ್ದು 1887ರ ಅಕ್ಟೋಬರಿನಲ್ಲಿ. ಅಂದರೆ 33 ವರ್ಷ ಆದಮೇಲೆ, ಹೆನ್ರಿ ಸ್ಮಿತ್ ಅನ್ನೋ ವೈದ್ಯರು ತಮ್ಮ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದು. ಆಗಲೇ ಒಂದು ಕೈ ಬದಲಾಗಿದೆ. ಇನ್ನೂ ಮುಂದೆ ಕೇಳಿ. 1970ರ ದಶಕದ ಶುರುವಿನಲ್ಲಿ ‘ಹೋಮ್’ ಅಂತ ಒಂದು ಪರಿಸರ ಚಿತ್ರಕ್ಕೆ ಟೆಡ್ ಪೆರಿ ಅನ್ನೋ ಅಧ್ಯಾಪಕರು ಚಿತ್ರಕಥೆ ಬರೆದರು. ಸಿಯಾಟಲ್ ಭಾಷಣದಿಂದ ಸ್ಫೂರ್ತಿ ಪಡೆದು ಹೊಸದಾಗಿ ಬರೆದಿದ್ದು. ಚಿತ್ರ ಬಂದಾಗ ಬರೆದವರು ಅಂತ ಪೆರಿ ಹೆಸರು ಹಾಕಲೇ ಇಲ್ಲ. ಜನ ಅದನ್ನ ಸಿಯಾಟಲ್ ಅವರ ನಿಜವಾದ ಮಾತು ಅಂದುಕೊಂಡರು. ನಾವು ಕಾಲೇಜಿನಲ್ಲಿ, ಪರಿಸರ ಶಿಬಿರದಲ್ಲಿ ಕೇಳಿದ ‘ಸಿಯಾಟಲ್ ಭಾಷಣ’ ಬಹುಪಾಲು ಇದೇ.

ಅದರಲ್ಲಿ ಒಂದು ಕಡೆ, ಬಿಳಿಯರು ರೈಲಿನಿಂದ ಗುಂಡು ಹೊಡೆದು ಕೊಂದ ಕಾಡೆಮ್ಮೆಗಳನ್ನ ನಾನು ನೋಡಿದ್ದೀನಿ ಅಂತ ಸಿಯಾಟಲ್ ಹೇಳೋ ಹಾಗೆ ಬರುತ್ತೆ. ಅವರು ಇದ್ದದ್ದು ಪೆಸಿಫಿಕ್ ಕರಾವಳಿಯಲ್ಲಿ, ಸಾಲ್ಮನ್ ಮೀನಿನ ಸೀಮೆಯಲ್ಲಿ. ಕಾಡೆಮ್ಮೆಗಳ ಬಯಲು ಬೆಟ್ಟಗಳಾಚೆ ನೂರಾರು ಮೈಲಿ ದೂರ. ಅಮೆರಿಕವನ್ನ ಪೂರ್ವದಿಂದ ಪಶ್ಚಿಮಕ್ಕೆ ದಾಟೋ ಮೊದಲ ರೈಲು ದಾರಿ ಮುಗಿದಿದ್ದು 1869ರಲ್ಲಿ. ಸಿಯಾಟಲ್ ತೀರಿಕೊಂಡಿದ್ದು 1866ರಲ್ಲಿ. 1992ರಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನೆಲ್ಲ ಮುಖಪುಟದಲ್ಲಿ ಬರೆಯಿತು. ಆದರೂ ಚಿತ್ರಗಳು ನಿಂತಿಲ್ಲ.

ನನಗೆ ಬೇಜಾರಾಗಿದ್ದು ಎಲ್ಲಿ ಅಂದರೆ, ಸ್ಮಿತ್ ಬರೆದ ಹಳೇ ರೂಪವನ್ನ ಓದಿದಾಗ. ಅದನ್ನೇ ಪೂರ್ತಿ ನಂಬಬೇಕಾಗಿಲ್ಲ. ಆದರೂ ಅಲ್ಲಿ ಸಿಯಾಟಲ್ ಕೇಳೋದು ಏನು ಗೊತ್ತಾ? ನಮ್ಮ ನೆಲ ತಗೊಳ್ತಿದ್ದೀರಿ, ಆದರೆ ನಮ್ಮ ಪೂರ್ವಜರ ಸಮಾಧಿಗಳಿಗೆ ಹೋಗಿ ಬರೋ ಹಕ್ಕನ್ನ ಕಿತ್ತುಕೊಳ್ಳಬೇಡಿ, ಅಲ್ಲಿಗೆ ಹೋದಾಗ ನಮಗೆ ಯಾರೂ ತೊಂದರೆ ಕೊಡಬಾರದು ಅಂತ. ಪೂರ್ವಜರ ನೆಲಕ್ಕೆ ಹಕ್ಕು ಕೇಳಿದ ಮನುಷ್ಯನ ಬಾಯಲ್ಲಿ ‘ಭೂಮಿ ಪೂರ್ವಜರಿಂದ ಬಂದ ಆಸ್ತಿಯಲ್ಲ’ ಅಂತ ಹೇಳಿಸ್ತಿದ್ದೀವಿ! ಅವರ ಜನರಿಗೆ ಅದು ಪೂರ್ವಜರ ನೆಲವೇ ಆಗಿತ್ತು. 1855ರ ಜನವರಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಅದನ್ನ ತಗೊಂಡರು. ಆ ಡುವಾಮಿಶ್ ಜನ ನಮ್ಮನ್ನ ಒಂದು ಬುಡಕಟ್ಟು ಅಂತ ಗುರುತಿಸಿ ಅಂತ ಅಮೆರಿಕ ಸರ್ಕಾರವನ್ನ ದಶಕಗಳಿಂದ ಕೇಳ್ತಾ ಬಂದಿದ್ದಾರೆ. 2001ರ ಜನವರಿಯಲ್ಲಿ ಕೈಗೆ ಬಂದ ಮಾನ್ಯತೆ ಅದೇ ವರ್ಷ ಸರ್ಕಾರ ಬದಲಾದ ಮೇಲೆ ಹೋಯ್ತು. 2015ರಲ್ಲಿ ಮತ್ತೆ ಇಲ್ಲ ಅಂದರು. ಅವರ ಅಜ್ಜ ಹೇಳದೇ ಇರೋ ಮಾತು ಜಗತ್ತಿನ ಎಲ್ಲ ಫೋನಿನಲ್ಲಿದೆ, ಕೇಳಿದ್ದು ಮಾತ್ರ ಯಾರಿಗೂ ಬೇಡ.

1971ರಲ್ಲೇ, ಅಂದರೆ ಬೆರಿ ಪುಸ್ತಕ ಬಂದ ವರ್ಷವೇ, ಅಮೆರಿಕದ ಟೀವಿಯಲ್ಲಿ ಒಂದು ಜಾಹೀರಾತು ಬಂತು. ಕಸ ತುಂಬಿದ ನದಿ, ದೋಣಿಯಲ್ಲಿ ಬಂದ ಒಬ್ಬ ಮೂಲನಿವಾಸಿ, ಕೆನ್ನೆ ಮೇಲೆ ಒಂದು ಹನಿ ಕಣ್ಣೀರು. ದೇಶವೇ ಮರುಗಿತು. ಆ ನಟ ಐರನ್ ಐಸ್ ಕೋಡಿ ಮೂಲನಿವಾಸಿ ಅಲ್ಲವೇ ಅಲ್ಲ, ಇಟಲಿ ಮೂಲದವರ ಮಗ. ಜಾಹೀರಾತು ಹಾಕಿದ ‘ಕೀಪ್ ಅಮೆರಿಕ ಬ್ಯೂಟಿಫುಲ್’ ಸಂಸ್ಥೆಯನ್ನ 1953ರಲ್ಲಿ ಹುಟ್ಟುಹಾಕಿದವರಲ್ಲಿ ಡಬ್ಬಿ, ಬಾಟಲಿ ಮಾಡೋ ಕಂಪನಿಗಳು, ತಂಪು ಪಾನೀಯದ ಕಂಪನಿಗಳು ಇದ್ದವು. ಕಸ ಹಾಕೋದು ನೀನು, ತಪ್ಪು ನಿಂದು ಅಂತ ಜಾಹೀರಾತು ಜನರಿಗೆ ಹೇಳಿತು. ಬಿಸಾಡೋ ಬಾಟಲಿ ಮಾಡಿದವರು ಯಾರು ಅನ್ನೋ ಪ್ರಶ್ನೆ ಆ ಒಂದು ಹನಿ ಕಣ್ಣೀರಲ್ಲಿ ಕೊಚ್ಚಿಕೊಂಡು ಹೋಯ್ತು. 2023ರಲ್ಲಿ ಆ ಜಾಹೀರಾತಿನ ಹಕ್ಕನ್ನ ಅಮೆರಿಕದ ಮೂಲನಿವಾಸಿಗಳ ರಾಷ್ಟ್ರೀಯ ಸಂಘಟನೆಗೇ ಕೊಟ್ಟರು, ಅವರು ಅದನ್ನ ಇನ್ನು ಸಾಕು ಅಂತ ನಿಲ್ಲಿಸಿದರು.

ನಮ್ಮ ಸಾಲಿಗೂ ಆಗಿದ್ದು ಇದೇ ಅಂತ ನನಗನ್ನಿಸೋದು. ನೋಡಿ, ಸಾಲ ಅನ್ನೋ ಮಾತು ನಮ್ಮ ಕಿವಿಗೆ ಬೇಗ ನಾಟುತ್ತೆ. ನಮ್ಮಲ್ಲಿ ಪಿತೃಋಣ ಅಂತಾರೆ, ಹಿರಿಯರಿಗೆ ತೀರಿಸಬೇಕಾದ ಸಾಲ. ಈ ಘೋಷಣೆ ಅದನ್ನ ತಿರುಗಿಸಿ, ಸಾಲ ಮಕ್ಕಳಿಗೆ ತೀರಿಸಬೇಕು ಅನ್ನುತ್ತೆ. ಚೆನ್ನಾಗಿದೆ. ಆದರೆ ಸಾಲ ಅಂದಮೇಲೆ ತಗೊಂಡೋರು ಯಾರು, ಎಷ್ಟು ತಗೊಂಡರು ಅಂತ ಬೇಕಲ್ಲ? ಬಡ್ಡಿಗೆ ದುಡ್ಡು ಕೊಡೋನು ಕೂಡ ಪತ್ರದಲ್ಲಿ ಹೆಸರು ಬರೆಸಿಕೊಳ್ತಾನೆ. ಕ್ಯಾಸ್ ಭಾಷಣದಲ್ಲಿ ಆ ಹೆಸರಿತ್ತು. ಬೆರಿ ಪುಸ್ತಕದಲ್ಲಿ ಅಣೆಕಟ್ಟು ಕಟ್ಟೋರ ಹೆಸರಿತ್ತು. ‘ಗಾದೆ’ ಆದ ಮೇಲೆ ಸಾಲ ಉಳೀತು, ಸಾಲಗಾರ ನಾಪತ್ತೆ. ಕಲ್ಲು ಕ್ವಾರಿ ಮಾಲೀಕರೂ ಪರಿಸರ ದಿನದಂದು ಇದೇ ಸಾಲು ಹಾಕಬಹುದು, ಟ್ಯೂಷನ್ನಿಗೆ ಸೈಕಲ್ಲಲ್ಲಿ ಹೋಗೋ ನಮ್ಮ ಹುಡುಗಿಯೂ ಹಾಕಬಹುದು. ಇಬ್ಬರೂ ‘ನಾವು’. ಇಬ್ಬರದೂ ಒಂದೇ ಸಾಲವಾ?

ಹೆಸರು, ಊರು ಕಳಕೊಳ್ಳದ ಘೋಷಣೆಗಳೂ ಇವೆ. 1983ರ ಮಾರ್ಚಿನಲ್ಲಿ ಜರ್ಮನಿಯ ಗ್ರೀನ್ ಪಕ್ಷ ಇದೇ ‘ಮಕ್ಕಳಿಂದ ಸಾಲ’ದ ಮಾತನ್ನ ಚುನಾವಣಾ ಪೋಸ್ಟರ್ ಮಾಡಿಕೊಂಡು ಮೊದಲ ಸಲ ಸಂಸತ್ತಿಗೆ ಹೋಯ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇತ್ತ ನಮ್ಮ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ. ಅದರ ಘೋಷಣೆ ಮೂರೇ ಪದ: ಉಳಿಸು, ಬೆಳೆಸು, ಬಳಸು. ಮೂರನೇ ಪದ ನೋಡಿ. ಪೇಟೆಯಲ್ಲಿ ಕೂತು ಬರೆಯೋನಾಗಿದ್ದರೆ ಮೊದಲೆರಡಕ್ಕೇ ನಿಲ್ಲಿಸ್ತಿದ್ದ. ಆದರೆ ಅಲ್ಲಿನವರಿಗೆ ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಸೌದೆ ಬೇಕು. ಅವರಿಗೆ ಕಾಡು ಅಂದರೆ ದೂರದಿಂದ ಕೈ ಮುಗಿಯೋದಲ್ಲ. ‘ಬಳಸು’ ಅನ್ನೋ ಒಂದೇ ಪದದಲ್ಲಿ ಅದು ಯಾರ ಬಾಯಿಂದ ಬಂತು ಅಂತ ಗೊತ್ತಾಗಿಬಿಡುತ್ತೆ. ಅಪ್ಪಿಕೋ ಬಗ್ಗೆ ಬೇರೆಯದೇ ಒಂದು ಸಂಚಿಕೆ ಮಾಡಬೇಕು, ಇವತ್ತು ಇಷ್ಟೇ.

ಪೋಸ್ಟರ್ ಏನಾಯ್ತು ಅಂತ ಕೇಳ್ತೀರಿ. ಅವಳು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಳು: ‘ವೆಂಡೆಲ್ ಬೆರಿ, 1971. ಒಂದು ಅಣೆಕಟ್ಟು ಬೇಡ ಅಂತ ಬರೆದ ಪುಸ್ತಕದಿಂದ.’ ಜಾಗ ಉಳಿದಿತ್ತು, ಅದಕ್ಕೆ ಇನ್ನೊಂದು ಸಾಲು ಸೇರಿಸಿದಳು: ‘ಮಾಸ್ ಕ್ಯಾಸ್, 1974. ಶ್ರೀಮಂತ ದೇಶಗಳಿಗೆ ಹೇಳಿದ್ದು.’ ತೀರ್ಪುಗಾರರಲ್ಲಿ ಒಬ್ಬರು, “ಇದು ರೆಡ್ ಇಂಡಿಯನ್ ಗಾದೆ ಅಲ್ವೇನಮ್ಮ?” ಅಂದರಂತೆ. ಇವಳು ನಿಂತಲ್ಲೇ ಕೆಂಟಕಿಯಿಂದ ಪ್ಯಾರಿಸ್‌ವರೆಗೆ ಪೂರ್ತಿ ಕಥೆ ಹೇಳಿದ್ದಾಳೆ. ಬಹುಮಾನ ಕಣ್ಣೀರು ಹಾಕ್ತಿರೋ ಭೂಮಿಯ ಚಿತ್ರಕ್ಕೆ ಹೋಯ್ತು. ಮನೆಗೆ ಬಂದವಳೇ, “ಮಾಮ, ಆ ಕಣಿವೆ ಫೋಟೋ ತೋರಿಸು” ಅಂದಳು. ಇಬ್ಬರೂ ಕೂತು ಆ ಕಲ್ಲಿನ ಕಮಾನುಗಳನ್ನ ನೋಡಿದೆವು.

ನಿಮ್ಮೂರಲ್ಲೂ ಯಾವುದಾದರೂ ಗೋಡೆ ಮೇಲೆ ಪರಿಸರದ ಒಂದು ಸಾಲು ಇದ್ದೇ ಇರುತ್ತೆ. ಅದರ ಫೋಟೋ ತೆಗೆದು, ಯಾವ ಊರು, ಯಾವ ಗೋಡೆ, ಯಾರು ಬರೆಸಿದ್ದು ಅಂತ ಒಂದು ವಾಯ್ಸ್ ನೋಟ್ ಜೊತೆ ನಮಗೆ ಕಳಿಸಿ. ಸಿಕ್ಕಿದ್ದರಲ್ಲಿ ಒಂದನ್ನ ಆರಿಸಿಕೊಂಡು ಅದರ ಹಿಂದೆ ಹೋಗ್ತೀನಿ. ಮುಂದಿನ ವಾರ ಸಿಗೋಣ, ನಮಸ್ಕಾರ.